ಕೋಟೆ ಜೈಲಿನೊಳಗೆ ಬದುಕು ಹೇಗಿತ್ತು? ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಲಿಂಕನ್ ಕೋಟೆಯ ಜೈಲಿನ ಬಗ್ಗೆ ಬರೆದಿದ್ದೆವು. 1068ರಲ್ಲಿ ವಿಲಿಯಂ ದೊರೆ ಕಟ್ಟಿಸಿದ ಕೋಟೆ ಅದು. ಅದರ ಅಂಗಳದಲ್ಲಿ 1788ರ ಹೊತ್ತಿಗೆ ಒಂದು ಇಟ್ಟಿಗೆ ಜೈಲು ಎದ್ದಿತು. ಅದರ ಬೆನ್ನಿಗೆ ಇನ್ನೊಂದು ಜೈಲು ಕಟ್ಟಿ 1848ರಲ್ಲಿ ತೆರೆದರು. 1878ರಲ್ಲಿ ಮುಚ್ಚಿಯೂ ಬಿಟ್ಟರು. ಆ ಬರಹ ಓದಿದವರಿಂದ ಬಂದ ಪತ್ರಗಳಲ್ಲಿ ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಮಾಡಿ ಇಲ್ಲಿ ಉತ್ತರಿಸಿದ್ದೇವೆ. ಲಿಂಕನ್ ಒಂದರಿಂದಲೇ ವಿಷಯ ಪೂರ್ತಿಯಾಗದ ಕಡೆ ಲ್ಯಾಂಕಾಸ್ಟರ್, ಆಕ್ಸ್‌ಫರ್ಡ್, ಯಾರ್ಕ್ ಕೋಟೆಗಳ ಸಂಗತಿಯನ್ನೂ ಸೇರಿಸಿದ್ದೇವೆ.

ಪ್ರಶ್ನೆ: ಅರಸರ ಕೋಟೆ ಜೈಲಾದದ್ದು ಹೇಗೆ? ಯುದ್ಧದ ಕಾಲ ಮುಗಿದು ಖಾಲಿ ಬಿದ್ದ ಮೇಲೆ ಜೈಲು ಮಾಡಿಕೊಂಡರೆ? (ಶಿವಮೊಗ್ಗದ ಓದುಗರು)

ಉತ್ತರ: ಹಾಗಲ್ಲ. ಕೋಟೆ ಕೋಟೆಯಾಗಿದ್ದಾಗಲೇ ಅದರೊಳಗೆ ಜೈಲಿತ್ತು. 1166ರಲ್ಲಿ ಎರಡನೆಯ ಹೆನ್ರಿ ದೊರೆ ಕ್ಲಾರೆಂಡನ್ನಿನಲ್ಲಿ ಒಂದು ಕಟ್ಟಳೆ ಹೊರಡಿಸಿದ. ಜೈಲಿಲ್ಲದ ಪ್ರತಿ ಕೌಂಟಿಯಲ್ಲೂ (ನಮ್ಮ ಜಿಲ್ಲೆಯಂಥದ್ದು) ದೊರೆಯ ಪಟ್ಟಣದಲ್ಲೋ ಕೋಟೆಯಲ್ಲೋ ಒಂದು ಜೈಲು ಕಟ್ಟಬೇಕು ಎಂಬುದು ಅದರಲ್ಲಿದ್ದ ಒಂದು ಮಾತು. ಕೌಂಟಿಯಲ್ಲಿ ದೊರೆಯ ಅಧಿಕಾರಿಯಾದ ಶೆರೀಫನಿಗೆ ಕೋಟೆಗಿಂತ ಅನುಕೂಲದ ಜಾಗ ಇನ್ನೊಂದಿರಲಿಲ್ಲ. ಗೋಡೆ ಇತ್ತು, ಕಾವಲಿತ್ತು, ಒಂದೇ ಹೆಬ್ಬಾಗಿಲಿತ್ತು.

ಇಲ್ಲಿ ಒಂದು ವಿಷಯ ಗಮನದಲ್ಲಿರಲಿ. ಆ ಕಾಲದಲ್ಲಿ ಜೈಲೇ ಶಿಕ್ಷೆಯಾಗುವುದು ಅಪರೂಪ. ಶಿಕ್ಷೆ ಎಂದರೆ ದಂಡ, ಚಾಟಿಯೇಟು ಅಥವಾ ಗಲ್ಲು. ಜೈಲು ಅದಕ್ಕಾಗಿ ಕಾಯುವ ಜಾಗ. ನ್ಯಾಯಾಧೀಶರು ಊರಿಂದೂರಿಗೆ ಸುತ್ತು ಬರುತ್ತಿದ್ದರು. ಹೆಚ್ಚಿನ ಕಡೆ ವರ್ಷಕ್ಕೆ ಎರಡು ಸಲ, ಉತ್ತರದ ಕೆಲವು ಕೌಂಟಿಗಳಲ್ಲಿ ಒಂದೇ ಸಲ. ಅಂಥ ಕಡೆ ನ್ಯಾಯಾಧೀಶರು ಹೋದ ಮರುದಿನ ಸಿಕ್ಕಿಬಿದ್ದವನು ಒಂದು ವರ್ಷ ಕತ್ತಲಲ್ಲಿ ಕೂರಬೇಕಿತ್ತು, ತಪ್ಪು ಮಾಡಿರಲಿ, ಬಿಡಲಿ. 1612ರ ಏಪ್ರಿಲ್‌ನಲ್ಲಿ ಪೆಂಡಲ್ ಸೀಮೆಯ ಕೆಲವರನ್ನು ಮಾಟದ ಆರೋಪ ಹೊರಿಸಿ ಲ್ಯಾಂಕಾಸ್ಟರ್ ಕೋಟೆಗೆ ತಂದರು. ವಿಚಾರಣೆ ನಡೆದದ್ದು ಆಗಸ್ಟ್‌ನಲ್ಲಿ. ಅವರಲ್ಲಿ ಮುಪ್ಪಿನವಳಾದ ಎಲಿಜಬೆತ್ ಸದರ್ನ್ಸ್ ವಿಚಾರಣೆಯ ದಿನ ಕಾಣದೆ ಜೈಲಿನಲ್ಲೇ ಸತ್ತಳು.

ಪ್ರಶ್ನೆ: ಜೈಲಿನಲ್ಲಿರಲು ಕೈದಿಗಳೇ ದುಡ್ಡು ಕೊಡಬೇಕಿತ್ತು ಎಂದು ಬರೆದಿದ್ದಿರಿ. ಸರಕಾರಿ ಜೈಲಿನಲ್ಲಿ ಇದು ಹೇಗೆ ಸಾಧ್ಯ? (ಹುಬ್ಬಳ್ಳಿಯ ಓದುಗರು)

ಉತ್ತರ: ಜೈಲರನಿಗೆ ಸಂಬಳವಿರಲಿಲ್ಲ, ಎಲ್ಲದರ ಬೇರು ಅದೇ. ಗುತ್ತಿಗೆ ಹಿಡಿದ ಛತ್ರದಂತೆ ಅವನು ಜೈಲು ನಡೆಸುತ್ತಿದ್ದ, ಆದಾಯ ಕೈದಿಗಳಿಂದಲೇ ಬರಬೇಕಿತ್ತು. ಒಳಗೆ ಬರುವಾಗ ಒಂದು ಶುಲ್ಕ. ಕಾಲಿನ ಭಾರದ ಕೋಳ ತೆಗೆದು ಹಗುರದ್ದು ಹಾಕಿಸಿಕೊಳ್ಳಲು ಇನ್ನೊಂದು. ಹುಲ್ಲಿನ ಬದಲು ಹಾಸಿಗೆ ಬೇಕೆಂದರೆ ರಾತ್ರಿ ಲೆಕ್ಕದಲ್ಲಿ ಬಾಡಿಗೆ. ಬಿಯರ್ ಮಾರುವವನೂ ಅವನೇ, ಹಾಗಾಗಿ ಕೈದಿಗಳು ಕುಡಿದಷ್ಟೂ ಅವನಿಗೆ ಲಾಭ. ಇದು ಸಾಲದೆಂದು ಹಳೆಯ ಕೈದಿಗಳು ಹೊಸಬನಿಂದ ‘ಗಾರ್ನಿಷ್’ ಎಂಬ ವಂತಿಗೆ ಕೀಳುತ್ತಿದ್ದರು. ಕೈಯಲ್ಲಿ ಕಾಸಿಲ್ಲದವನ ಕೋಟನ್ನು ಬಿಚ್ಚಿಸಿಕೊಳ್ಳುತ್ತಿದ್ದರು. ಚಳಿಗಾಲದಲ್ಲಿ ಮೈಮೇಲಿನ ಬಟ್ಟೆ ಹೋದರೆ ಜೀವಕ್ಕೇ ಕುತ್ತು.

ಎಲ್ಲಕ್ಕಿಂತ ಘೋರವಾದದ್ದು ಬಿಡುಗಡೆಯ ಶುಲ್ಕ. ನ್ಯಾಯಾಲಯ ‘ನಿರ್ದೋಷಿ’ ಎಂದು ಹೇಳಿದ ಮೇಲೂ ಜೈಲರನ ಬಾಕಿ ತೀರಿಸದೆ ಹೊರಗೆ ಬಿಡುತ್ತಿರಲಿಲ್ಲ. 1773ರಲ್ಲಿ ಬೆಡ್‌ಫರ್ಡ್‌ಶೈರಿನ ಶೆರೀಫನಾದ ಜಾನ್ ಹವರ್ಡ್ ಇದನ್ನು ಕಣ್ಣಾರೆ ಕಂಡು, ಜೈಲರನಿಗೆ ಕೌಂಟಿಯೇ ಸಂಬಳ ಕೊಡಲಿ ಎಂದು ಕೇಳಿದ. ಅಧಿಕಾರಿಗಳು, ಬೇರೆ ಕಡೆ ಹಾಗೆ ಕೊಡುವ ರೂಢಿ ಇದ್ದರೆ ತೋರಿಸು ಎಂದರು. ಅಂಥ ಒಂದು ರೂಢಿ ಹುಡುಕಲು ಅಕ್ಕಪಕ್ಕದ ಕೌಂಟಿಗಳಿಗೆ ಹೊರಟವನಿಗೆ ಅದೆಲ್ಲೂ ಸಿಗಲಿಲ್ಲ; ಸಿಕ್ಕಿದ್ದು ಒಂದಕ್ಕಿಂತ ಒಂದು ಕೆಟ್ಟ ಜೈಲು. ಉಳಿದ ಬದುಕನ್ನೆಲ್ಲ ಅವನು ಜೈಲು ಸುತ್ತುವುದಕ್ಕೇ ಕೊಟ್ಟ. 1774ರ ಕಾಯಿದೆ ನಿರ್ದೋಷಿಗಳ ಮೇಲಿನ ಶುಲ್ಕ ತೆಗೆದುಹಾಕಿತು. ಜೈಲರು ಮದ್ಯ ಮಾರುವುದಕ್ಕೆ 1784ರಲ್ಲಿ ನಿಷೇಧ ಬಂತು.

ಪ್ರಶ್ನೆ: ಜೈಲು ಜ್ವರ ಎಂದರೆ ಮಲೇರಿಯಾವೇ? ನ್ಯಾಯಾಧೀಶರೂ ಅದರಿಂದ ಸತ್ತರು ಎನ್ನುತ್ತಾರೆ, ನಿಜವೆ? (ದಾವಣಗೆರೆಯ ವೈದ್ಯಕೀಯ ವಿದ್ಯಾರ್ಥಿ)

ಉತ್ತರ: ಮಲೇರಿಯಾ ಅಲ್ಲ, ಅದು ಟೈಫಸ್. ಟೈಫಾಯಿಡ್ ಜೊತೆಗೂ ಬೆರೆಸಬೇಡಿ. ಟೈಫಸ್ ಹರಡುವುದು ಬಟ್ಟೆಯ ಹೊಲಿಗೆಯಲ್ಲಿ ಅಡಗುವ ಮೈಹೇನಿನಿಂದ. ಹೇನಿನ ಹಿಕ್ಕೆಯಲ್ಲಿ ರೋಗಾಣು ಇರುತ್ತದೆ. ಕಡಿತಕ್ಕೆ ತುರಿಸಿಕೊಂಡಾಗ ಚರ್ಮದ ಗೀರಿನಿಂದ ಒಳಗೆ ಹೋಗುತ್ತದೆ. ಜ್ವರ ಏರಿ ಮೈ ಬಿಸಿಯಾದರೆ, ಅಥವಾ ರೋಗಿ ಸತ್ತು ಮೈ ತಣ್ಣಗಾದರೆ, ಹೇನು ಆ ಮೈ ಬಿಟ್ಟು ಪಕ್ಕದವನಿಗೆ ಹತ್ತುತ್ತದೆ. ಒಂದೇ ಬಟ್ಟೆಯಲ್ಲಿ ತಿಂಗಳುಗಟ್ಟಲೆ, ಒಬ್ಬರಿಗೊಬ್ಬರು ಅಂಟಿಕೊಂಡು ಹುಲ್ಲಿನ ಮೇಲೆ ಮಲಗುವ ಜನರಲ್ಲಿ ಅದು ಕಾಡುಕಿಚ್ಚು. ಹೇನಿನ ಪಾತ್ರ ತೋರಿಸಿದ್ದು ಫ್ರಾನ್ಸಿನ ವೈದ್ಯ ಚಾರ್ಲ್ಸ್ ನಿಕೋಲ್, 1909ರಲ್ಲಿ. ಅಲ್ಲಿಯವರೆಗೆ ಕೆಟ್ಟ ಗಾಳಿಯೇ ಕಾರಣ ಎಂದು ಜನ ನಂಬಿದ್ದರು.

ನ್ಯಾಯಾಧೀಶರು ಸತ್ತದ್ದು ನಿಜ. 1577ರ ಬೇಸಿಗೆಯಲ್ಲಿ ಆಕ್ಸ್‌ಫರ್ಡ್ ಕೋಟೆಯಲ್ಲಿ ನಡೆದ ವಿಚಾರಣೆಯ ನಂತರ ನ್ಯಾಯಾಧೀಶ ರಾಬರ್ಟ್ ಬೆಲ್ ಸೇರಿದಂತೆ ಸುಮಾರು 300 ಮಂದಿ ಸತ್ತರು. ಅದನ್ನು ಕರಾಳ ಅಸೈಜ್ ಎಂದೇ ಕರೆಯುತ್ತಾರೆ; ಸುತ್ತು ಬರುವ ನ್ಯಾಯಾಧೀಶರ ನ್ಯಾಯಾಲಯಕ್ಕೆ ಅಸೈಜ್ ಎಂದು ಹೆಸರು. ಅದು ಟೈಫಸ್ಸೇ ಎಂದು ಹೆಚ್ಚಿನವರ ಎಣಿಕೆ.

ಗಾಳಿಯ ಬಗ್ಗೆ ಹವರ್ಡ್ ಬರೆದಿಟ್ಟ ವಿವರ ಓದಿದರೆ ಮೈ ಜುಮ್ಮೆನ್ನುತ್ತದೆ. ಜೈಲು ನೋಡಿ ಬಂದ ಮೇಲೆ ಅವನ ಬಟ್ಟೆಯ ನಾತಕ್ಕೆ ಮುಚ್ಚಿದ ಗಾಡಿಯಲ್ಲಿ ಕೂರಲು ಆಗುತ್ತಿರಲಿಲ್ಲ, ಹಾಗಾಗಿ ಕುದುರೆಯ ಮೇಲೇ ಹೋಗುತ್ತಿದ್ದ. ಟಿಪ್ಪಣಿ ಪುಸ್ತಕದ ಹಾಳೆಗಳನ್ನು ಒಂದೆರಡು ಗಂಟೆ ಬೆಂಕಿಯ ಮುಂದೆ ಹರಡಿದ ಮೇಲೆಯೇ ಮುಟ್ಟಬಹುದಿತ್ತು. ಮೂಸಲು ಇಟ್ಟುಕೊಂಡಿದ್ದ ವಿನೆಗರ್ ಸೀಸೆಯೂ ಕೆಲವು ಜೈಲು ಸುತ್ತಿದ ಮೇಲೆ ಸಹಿಸದಷ್ಟು ನಾರುತ್ತಿತ್ತು. ಕಿಟಕಿಗಳೇಕೆ ಇರಲಿಲ್ಲ? ಆಗ ಮನೆಗಳಿಗೆ ಕಿಟಕಿ ತೆರಿಗೆ ಇತ್ತು, ಜೈಲಿನ ಕಿಟಕಿಗಳ ತೆರಿಗೆಯನ್ನು ಜೈಲರ್ ಕಟ್ಟಬೇಕಿತ್ತು. ಅವನು ಕಿಟಕಿಗಳನ್ನೇ ಮುಚ್ಚಿಸಿಬಿಡುತ್ತಿದ್ದ. ಸಂಬಳ ಕೊಡದೆ ಉಳಿಸಿದ ದುಡ್ಡಿಗೆ ಯಾರು ಬೆಲೆ ತೆತ್ತರು ಎಂಬುದು ಇದೊಂದರಲ್ಲೇ ಕಾಣುತ್ತದೆ.

1774ರ ಇನ್ನೊಂದು ಕಾಯಿದೆ ಹೇಳಿದ ಕ್ರಮ ಹೀಗಿತ್ತು: ವರ್ಷಕ್ಕೆ ಒಮ್ಮೆಯಾದರೂ ಗೋಡೆ, ಚಾವಣಿಗಳನ್ನು ಕೆರೆದು ಸುಣ್ಣ ಬಳಿಯಬೇಕು, ಗಾಳಿ ಆಡಿಸಬೇಕು, ರೋಗಿಗಳಿಗೆ ಗಂಡಸರದೊಂದು ಹೆಂಗಸರದೊಂದು ಬೇರೆ ಕೋಣೆ ಇಡಬೇಕು, ಸ್ನಾನದ ತೊಟ್ಟಿ ಇರಬೇಕು, ಒಬ್ಬ ವೈದ್ಯನನ್ನು ನೇಮಿಸಬೇಕು, ಈ ಕಾಯಿದೆಯನ್ನೇ ದೊಡ್ಡಕ್ಷರದಲ್ಲಿ ಹಲಗೆಯ ಮೇಲೆ ಬರೆಸಿ ಜೈಲಿನಲ್ಲಿ ತೂಗುಹಾಕಬೇಕು. ಕಾರಣ ಗೊತ್ತಿಲ್ಲದೆಯೂ ಮದ್ದು ನಾಟಿತು. ಸ್ನಾನ ಮಾಡಿಸಿ ಬಟ್ಟೆಯನ್ನು ಒಲೆಯ ಕಾವಿನಲ್ಲಿಟ್ಟ ಕಡೆಯೆಲ್ಲ ಹೇನು ಸಾಯುತ್ತಿತ್ತು. ಆದರೆ ಎಷ್ಟೋ ಕೌಂಟಿಗಳು ಈ ಕಾಯಿದೆಯನ್ನು ಕಡೆಗಣಿಸಿದವು. ಹವರ್ಡ್ 1790ರಲ್ಲಿ ಇಂದಿನ ಉಕ್ರೇನಿನ ಖೆರ್ಸನ್‌ನಲ್ಲಿ ಜ್ವರದಿಂದಲೇ ತೀರಿಕೊಂಡ.

ಪ್ರಶ್ನೆ: ಸಾಲ ತೀರಿಸಲಾಗದವನನ್ನು ಜೈಲಿಗೆ ಹಾಕಿದರೆ ಅವನು ದುಡಿದು ತೀರಿಸುವುದಾದರೂ ಹೇಗೆ? (ಉಡುಪಿಯ ಓದುಗರು)

ಉತ್ತರ: ಈ ಪ್ರಶ್ನೆಗೆ ಅಂದೂ ಯಾರ ಬಳಿಯೂ ಉತ್ತರವಿರಲಿಲ್ಲ. 1776ರಲ್ಲಿ ಹವರ್ಡ್ ತಲೆ ಎಣಿಸಿದಾಗ ಇಂಗ್ಲೆಂಡ್ ಮತ್ತು ವೇಲ್ಸ್‌ನ ಜೈಲುಗಳಲ್ಲಿದ್ದವರು 4,084 ಮಂದಿ. ಅವರಲ್ಲಿ 2,437 ಜನ ಸಾಲಗಾರರು. ನೆಂಟರೋ ಗೆಳೆಯರೋ ಮರುಕಪಟ್ಟು ಹಣ ತರಲಿ ಎಂಬುದೇ ಸಾಲ ಕೊಟ್ಟವನ ಲೆಕ್ಕಾಚಾರ.

ಸಾಲಗಾರರ ಬದುಕು ಕಳ್ಳರ ಬದುಕಿಗಿಂತ ಬೇರೆ. ಕೋಳ ಇಲ್ಲ, ಕಡ್ಡಾಯ ದುಡಿಮೆ ಇಲ್ಲ, ಹೆಂಡತಿ ಮಕ್ಕಳು ಬಂದು ಹೋಗಬಹುದು, ಎಷ್ಟೋ ಸಲ ಜೊತೆಗೇ ಇರಬಹುದು. ಲಿಂಕನ್ನಿನ ಇಟ್ಟಿಗೆ ಜೈಲಿನಲ್ಲಿ ಮುಂಭಾಗ ಜೈಲಧಿಕಾರಿಗೂ ಸಾಲಗಾರರಿಗೂ ಇತ್ತು, ಕಳ್ಳಕಾಕರು ಹಿಂಭಾಗದಲ್ಲಿ. ಹಣವಿದ್ದ ಸಾಲಗಾರ ಒಳ್ಳೆಯ ಕೋಣೆ ಹಿಡಿಯುತ್ತಿದ್ದ. ಲ್ಯಾಂಕಾಸ್ಟರಿನಲ್ಲಿ ಹ್ಯಾನ್ಸ್‌ಬ್ರೋ ಎಂಬ ಗವರ್ನರನ ಕಾಲದಲ್ಲಿ ಜನ ಆ ಭಾಗವನ್ನು ‘ಹ್ಯಾನ್ಸ್‌ಬ್ರೋ ಹೋಟೆಲು’ ಎಂದೇ ಕರೆದರು. ಬಡ ಸಾಲಗಾರನ ಪಾಡು ಮಾತ್ರ ಕಳ್ಳನಿಗಿಂತ ಕಡೆ, ಏಕೆಂದರೆ ಹಲವು ಕೌಂಟಿಗಳಲ್ಲಿ ಕಳ್ಳನಿಗೆ ಸಿಗುತ್ತಿದ್ದ ರೊಟ್ಟಿಯೂ ಅವನಿಗೆ ಸಿಗುತ್ತಿರಲಿಲ್ಲ. 1759ರ ಕಾಯಿದೆ ಒಂದು ದಾರಿ ಮಾಡಿತು: ಇದ್ದಬದ್ದ ಆಸ್ತಿಯನ್ನೆಲ್ಲ ಒಪ್ಪಿಸಿದ ಸಾಲಗಾರನನ್ನು ಮತ್ತೂ ಒಳಗೇ ಇಡಬೇಕೆಂದು ಹಟ ಹಿಡಿಯುವ, ಸಾಲ ಕೊಟ್ಟವನು ಅವನ ಖರ್ಚಿಗೆ ದಿನಕ್ಕೆ ನಾಲ್ಕು ಪೆನ್ಸ್‌ವರೆಗೆ ಕೊಡಬೇಕು. 1869ರ ಕಾಯಿದೆಯೊಂದಿಗೆ ಸಾಲಕ್ಕಾಗಿ ಸೆರೆ ಬಹುಮಟ್ಟಿಗೆ ನಿಂತಿತು.

ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೂ ಡಿಕ್ರಿ ಹಣ (ಕೋರ್ಟು ಕೊಡಬೇಕೆಂದು ತೀರ್ಪಿತ್ತ ಹಣ) ಕೊಡದವನಿಗೆ ಸಿವಿಲ್ ಸೆರೆ ಇದೆ, ಅವನ ಊಟದ ಭತ್ಯೆಯನ್ನು ಡಿಕ್ರಿ ಪಡೆದವನೇ ಕಟ್ಟಬೇಕು. ಆ ನಿಯಮದ ತವರು ಇಲ್ಲಿದೆ. ಕೊಡುವ ಶಕ್ತಿಯೇ ಇಲ್ಲದವನನ್ನು ಬಡತನದ ಕಾರಣಕ್ಕೆ ಸೆರೆಗೆ ಕಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 1980ರಲ್ಲಿ ಹೇಳಿದೆ.

ಪ್ರಶ್ನೆ: ಲಿಂಕನ್ ಜೈಲಿನ ಪ್ರಾರ್ಥನಾ ಮಂದಿರದಲ್ಲಿ ಪ್ರತಿ ಕೈದಿಗೂ ಒಂದೊಂದು ಮರದ ಪೆಟ್ಟಿಗೆ ಇತ್ತೆಂದು ಬರೆದಿದ್ದಿರಿ. ಚಿತ್ರ ನೋಡಿಯೂ ಅರ್ಥವಾಗಲಿಲ್ಲ. ಒಳಗೆ ಹೋಗುತ್ತಿದ್ದುದು ಹೇಗೆ? ಈ ಏರ್ಪಾಡು ಯಾಕೆ? (ಮೈಸೂರಿನ ವಾಸ್ತುಶಿಲ್ಪ ವಿದ್ಯಾರ್ಥಿನಿ)

ಉತ್ತರ: ಗ್ಯಾಲರಿಯಂತೆ ಹಿಂದಕ್ಕೆ ಏರುತ್ತ ಹೋಗುವ ಬೆಂಚುಗಳ ಸಾಲು ಕಣ್ಣ ಮುಂದೆ ತಂದುಕೊಳ್ಳಿ. ಪ್ರತಿ ಆಸನದ ನಡುವೆ ತಲೆಗಿಂತ ಎತ್ತರದ ಹಲಗೆ. ಈ ಹಲಗೆಯೇ ಬಾಗಿಲು ಕೂಡ, ಅದಕ್ಕೆ ತಿರುಗಣಿ ಇದೆ. ಮೊದಲ ಕೈದಿ ಸಾಲಿನ ಕೊನೆಯವರೆಗೆ ಹೋಗಿ ನಿಂತು ತನ್ನ ಬದಿಯ ಹಲಗೆಯನ್ನು ಎಳೆದು ಮುಚ್ಚಿಕೊಳ್ಳುತ್ತಾನೆ. ಅದು ಎರಡನೆಯವನಿಗೆ ಗೋಡೆಯಾಗುತ್ತದೆ. ಅವನೂ ತನ್ನ ಹಲಗೆ ಎಳೆದುಕೊಳ್ಳುತ್ತಾನೆ, ಮೂರನೆಯವನಿಗೆ ಗೋಡೆ. ಹೀಗೆ ಸಾಲು ತುಂಬಿದ ಮೇಲೆ ವಾರ್ಡರ್ ಕೊನೆಯಲ್ಲಿ ಬೀಗ ಹಾಕುತ್ತಾನೆ. ಒಳಗಿನವನಿಗೆ ಎಡಬಲ ಕಾಣುವುದಿಲ್ಲ. ನೇರ ನೋಡಿದರೆ ಮುಂದೆ ಎತ್ತರದ ಪೀಠದಲ್ಲಿ ನಿಂತ ಪಾದ್ರಿಯೊಬ್ಬನೇ ಕಾಣುತ್ತಾನೆ. ಪಾದ್ರಿಗಾದರೋ ಎಲ್ಲ ಮುಖಗಳೂ ಒಟ್ಟಿಗೆ ಕಾಣುತ್ತವೆ. ಆ ಕಾಲದ ಇಂಥ ಮಂದಿರಗಳಲ್ಲಿ ಪೂರ್ತಿಯಾಗಿ ಉಳಿದದ್ದು ಲಿಂಕನ್ನಿನದೊಂದೇ, ನಿಮ್ಮ ಓದಿಗೆ ಅದಕ್ಕಿಂತ ಒಳ್ಳೆಯ ಮಾದರಿ ಸಿಗದು.

ಯಾಕೆ ಎಂಬುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಹಳೆಯ ಜೈಲಿನಲ್ಲಿ ಎಲ್ಲರೂ ಒಂದೇ ಕೋಣೆಯಲ್ಲಿ; ರೊಟ್ಟಿ ಕದ್ದ ಹುಡುಗ ನುರಿತ ದರೋಡೆಕೋರನ ಪಕ್ಕ ಮಲಗಿ ಕಸುಬು ಕಲಿತು ಹೊರಬರುತ್ತಿದ್ದ. ಇದನ್ನು ತಪ್ಪಿಸಲು ಅಮೆರಿಕದ ಫಿಲಡೆಲ್ಫಿಯಾದಲ್ಲಿ 1829ರಲ್ಲಿ ತೆರೆದ ಜೈಲು ಪ್ರತಿಯೊಬ್ಬನನ್ನೂ ಬೇರೆ ಬೇರೆ ಇರಿಸಿತು. ಒಂಟಿಯಾಗಿ ಕೂತವನು ತನ್ನ ತಪ್ಪನ್ನು ನೆನೆಯುತ್ತಾನೆ, ಬೈಬಲ್ ಓದುತ್ತಾನೆ, ತಿದ್ದಿಕೊಳ್ಳುತ್ತಾನೆ ಎಂಬ ನಂಬಿಕೆ. ಇಂಗ್ಲೆಂಡಿನಲ್ಲಿ ಇದರ ಮಾದರಿ 1842ರಲ್ಲಿ ತೆರೆದ ಲಂಡನ್ನಿನ ಪೆಂಟನ್‌ವಿಲ್: 520 ಕೊಠಡಿ, ಒಂದೊಂದೂ 13 ಅಡಿ ಉದ್ದ, 7 ಅಡಿ ಅಗಲ, 9 ಅಡಿ ಎತ್ತರ. ಲಿಂಕನ್ನಿನ 1848ರ ಜೈಲು ಇದೇ ‘ಪ್ರತ್ಯೇಕ ಪದ್ಧತಿ’ಯದು.

ಪೆಂಟನ್‌ವಿಲ್ಲಿನ ಒಂದು ಕೊಠಡಿಯನ್ನು ಹತ್ತಿರದಿಂದ ನೋಡಿ. ಗೋಡೆಯಿಂದ ಗೋಡೆಗೆ ಕೊಂಡಿ ಹಾಕಿ ಕಟ್ಟುವ ಜೋಲಿ ಹಾಸಿಗೆ, ಗ್ಯಾಸ್ ದೀಪ, ಕೊಳವೆಯಲ್ಲಿ ಬರುವ ಬಿಸಿಗಾಳಿ. ಬಾಗಿಲಲ್ಲಿ ಹೊರಗಿನಿಂದ ಮಾತ್ರ ತೆರೆಯುವ ಇಣುಕು ತೂತು, ಊಟ ತಳ್ಳುವ ಕಿಂಡಿ. ಒಳಗೆ ಒಂದು ಹಿಡಿ ಇದೆ. ತಿರುಗಿಸಿದರೆ ಹೊರಗೆ ಗಂಟೆ ಬಾರಿಸುತ್ತದೆ, ಜೊತೆಗೆ ಕೊಠಡಿಯ ಸಂಖ್ಯೆ ಬರೆದ ಲೋಹದ ಪಟ್ಟಿಯೊಂದು ಗೋಡೆಯಿಂದ ಹೊರಕ್ಕೆ ಚಾಚಿ ನಿಲ್ಲುತ್ತದೆ. ಯಾರು ಕರೆದರೆಂದು ವಾರ್ಡರನಿಗೆ ಕೂಗಿ ಕೇಳುವ ಕೆಲಸವಿಲ್ಲ. ಹೆಸರಿಲ್ಲ, ಎದೆಯ ಮೇಲೆ ಸಂಖ್ಯೆ. ಕೊಠಡಿ ಬಿಟ್ಟರೆ ಮುಖದ ಮೇಲೆ ಇಳಿಯುವ ಟೋಪಿ, ಅದರಲ್ಲಿ ಕಣ್ಣಿಗೆರಡು ತೂತು. ಅಂಗಳದಲ್ಲಿ ನಡೆಯುವಾಗ ಒಂದು ಉದ್ದ ಹಗ್ಗ, ಅದರಲ್ಲಿ 15 ಅಡಿಗೊಂದು ಗಂಟು. ಪ್ರತಿಯೊಬ್ಬನೂ ತನ್ನ ಗಂಟು ಹಿಡಿದು ನಡೆಯಬೇಕು, ಹಗ್ಗ ಸಡಿಲವಾಗಬಾರದು.

ಪ್ರಶ್ನೆ: ಇಷ್ಟೆಲ್ಲ ಮಾಡಿದರೂ ಕೈದಿಗಳು ಮಾತಾಡದೆ ಉಳಿದರೇ? ಈ ಪದ್ಧತಿ ಬಿದ್ದುಹೋದದ್ದು ಯಾಕೆ? (ಮಂಡ್ಯದ ಓದುಗರು)

ಉತ್ತರ: ಮಾತಾಡಿದರು. ಪ್ರಾರ್ಥನೆಯಲ್ಲಿ ಎಲ್ಲರೂ ಗಟ್ಟಿಯಾಗಿ ಹಾಡುವಾಗ ಸ್ತೋತ್ರದ ರಾಗಕ್ಕೇ ತಮ್ಮ ಮಾತು ಸೇರಿಸಿ ಪಕ್ಕದ ಪೆಟ್ಟಿಗೆಯವನಿಗೆ ಸುದ್ದಿ ಮುಟ್ಟಿಸುತ್ತಿದ್ದರು. ಗೋಡೆ ತಟ್ಟಿ ಅಕ್ಷರ ಎಣಿಸುವ ಭಾಷೆ ಬೆಳೆಯಿತು. ಪೆಂಟನ್‌ವಿಲ್ಲಿನಲ್ಲಿ ಪ್ರತಿ ಕೊಠಡಿಗೂ ಕೊಟ್ಟಿದ್ದ ಪಾಯಿಖಾನೆಯ ಕೊಳವೆಯೇ ಮಾತಿನ ಕೊಳವೆಯಾಯಿತು. ಅದು ಕಟ್ಟಿಕೊಳ್ಳುವ ತೊಂದರೆಯೂ ಸೇರಿ ಕೊನೆಗೆ ಆ ಪಾಯಿಖಾನೆಗಳನ್ನೇ ಕಿತ್ತರು. ಮನುಷ್ಯನಿಗೆ ಅನ್ನದಷ್ಟೇ ಮಾತು ಬೇಕು. ಕಟ್ಟಿದವರು ಅದೊಂದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಒಂಟಿತನ ತಡೆಯಲಾರದೆ ಬುದ್ಧಿಭ್ರಮಣೆಯಾದವರ ಸಂಖ್ಯೆ ಕಂಡು ಪೆಂಟನ್‌ವಿಲ್ಲಿನ ಪ್ರತ್ಯೇಕ ಸೆರೆಯನ್ನು 18 ತಿಂಗಳಿಂದ ಇಳಿಸುತ್ತ 9 ತಿಂಗಳಿಗೆ ತಂದರು. ಲಿಂಕನ್‌ನಂಥ ಕೌಂಟಿ ಜೈಲಿನ ಕಷ್ಟ ಬೇರೆ. ಅಲ್ಲಿ ಬರುವವರು ಹೆಚ್ಚಾಗಿ ವಿಚಾರಣೆಗೆ ಕಾದವರು ಅಥವಾ ಕೆಲವು ವಾರ, ತಿಂಗಳ ಶಿಕ್ಷೆಯವರು. ಮನಸ್ಸು ತಿದ್ದಲು ವರ್ಷ ಬೇಕು ಎನ್ನುವ ಪದ್ಧತಿ ಇಪ್ಪತ್ತೊಂದು ದಿನಕ್ಕೆ ಬಂದವನಿಗೆ ಏನು ಮಾಡೀತು? 1860ರ ದಶಕದಲ್ಲಿ ಸರಕಾರದ ಒಲವೇ ಬದಲಾಯಿತು. 1865ರ ಕಾಯಿದೆಯ ಹೊತ್ತಿಗೆ ತಿದ್ದುವ ಮಾತು ಹಿಂದೆ ಸರಿದು ಗಟ್ಟಿ ದುಡಿಮೆ, ಒರಟು ಊಟ, ಗಟ್ಟಿ ಹಲಗೆಯ ಮಂಚ ಮುಂದೆ ಬಂದವು. 1878ರ ಏಪ್ರಿಲ್ 1ರಿಂದ ಎಲ್ಲ ಜೈಲುಗಳೂ ಕೌಂಟಿಗಳ ಕೈಬಿಟ್ಟು ಕೇಂದ್ರ ಸರಕಾರದ ವಶವಾದವು. ಬೇಡದವುಗಳನ್ನು ಮುಚ್ಚಿದರು, ಲಿಂಕನ್ ಕೋಟೆಯ ಹೊಸ ಜೈಲಿನ ಬಾಳು ಮೂವತ್ತೇ ವರ್ಷಕ್ಕೆ ಮುಗಿಯಿತು.

ಪ್ರಶ್ನೆ: ಊಟ ಏನು ಕೊಡುತ್ತಿದ್ದರು? ಪ್ರಮಾಣ ಸಹಿತ ತಿಳಿಸಿ. (ಬೆಳಗಾವಿಯ ಓದುಗರು)

ಉತ್ತರ: ಹದಿನೆಂಟನೆಯ ಶತಮಾನದಲ್ಲಿ ಹೆಚ್ಚಿನ ಕಡೆ ದಿನಕ್ಕೆ ಒಂದೆರಡು ಪೆನ್ನಿಯ ರೊಟ್ಟಿ. ತೂಕ ಗೊತ್ತುಮಾಡದೆ ದುಡ್ಡು ಗೊತ್ತುಮಾಡಿದ್ದೇ ದೊಡ್ಡ ಎಡವಟ್ಟು. ಗೋಧಿಯ ಬೆಲೆ ಏರಿದಾಗ ಅದೇ ಪೆನ್ನಿಗೆ ಸಿಗುವ ರೊಟ್ಟಿ ಚಿಕ್ಕದಾಗುತ್ತಿತ್ತು. ಹವರ್ಡ್ ರೊಟ್ಟಿಗಳನ್ನು ತಕ್ಕಡಿಯಲ್ಲಿ ತೂಗಿ ನೋಡಿ ಬರೆದುಕೊಂಡಿದ್ದಾನೆ.

1843ರಲ್ಲಿ ಸರಕಾರ ಶಿಕ್ಷೆಯ ಅವಧಿಗೆ ತಕ್ಕಂತೆ ಊಟದ ದರ್ಜೆ ಮಾಡಿತು. ಮೂರು ದಿನದೊಳಗಿನ ಶಿಕ್ಷೆಯವನಿಗೆ ಬೆಳಿಗ್ಗೆ ಒಂದು ಪಿಂಟ್, ಎಂದರೆ ಸುಮಾರು 570 ಮಿಲಿಲೀಟರ್ ಓಟ್ಸ್ ಗಂಜಿ. ಮಧ್ಯಾಹ್ನ ಒಂದು ಪೌಂಡ್, ಎಂದರೆ ಸುಮಾರು 450 ಗ್ರಾಂ ರೊಟ್ಟಿ. ರಾತ್ರಿ ಮತ್ತೆ ಒಂದು ಪಿಂಟ್ ಗಂಜಿ. ಪಿಂಟ್ ಗಂಜಿಗೆ ಹಾಕುವ ಓಟ್ಸ್ ಹಿಟ್ಟು 2 ಔನ್ಸ್, ಸುಮಾರು 57 ಗ್ರಾಂ. ಮನೆಯಲ್ಲಿ ಮಾಡಿ ನೋಡಿದರೆ ತಿಳಿದೀತು, ಚಮಚ ನಿಲ್ಲದಷ್ಟು ತೆಳು. ಅವಧಿ ಹೆಚ್ಚಿದಂತೆ ಆಲೂಗಡ್ಡೆ, ಸೂಪು, ವಾರದಲ್ಲಿ ಕೆಲವು ದಿನ ಮೂಳೆ ತೆಗೆದ ಮೂರು ಔನ್ಸಿನಷ್ಟು ಮಾಂಸ ಸೇರುತ್ತಿದ್ದವು. ಹೊರಗಿನ ಬಡವನ ಊಟಕ್ಕಿಂತ ಜೈಲಿನ ಊಟ ಚೆನ್ನಾಗಿರಬಾರದು, ಆದರೆ ಆರೋಗ್ಯ ಕೆಡಬಾರದು ಎಂಬ ಎರಡು ಅಳತೆಗೋಲುಗಳ ನಡುವೆ ಈ ಪಟ್ಟಿಗಳು ಓಲಾಡುತ್ತಲೇ ಇದ್ದವು.

ಪ್ರಶ್ನೆ: ಟ್ರೆಡ್‌ವೀಲ್, ಕ್ರ್ಯಾಂಕ್ ಎಂಬ ಶಿಕ್ಷೆಗಳ ರಚನೆ ವಿವರಿಸಿ. ಅವುಗಳಿಂದ ಏನಾದರೂ ಉತ್ಪಾದನೆ ಆಗುತ್ತಿತ್ತೆ? (ಮಂಗಳೂರಿನ ಇಂಜಿನಿಯರ್)

ಉತ್ತರ: ಟ್ರೆಡ್‌ವೀಲ್ ತುಳಿಯುವ ಚಕ್ರ. 1818ರ ಸುಮಾರಿಗೆ ಗಿರಣಿ ಯಂತ್ರಗಳ ಕೆಲಸಗಾರ ವಿಲಿಯಂ ಕ್ಯೂಬಿಟ್ ಬರಿ ಸೇಂಟ್ ಎಡ್ಮಂಡ್ಸ್ ಎಂಬ ಊರಿನ ಜೈಲಿಗೆ ಮಾಡಿಕೊಟ್ಟ. ಸುಮಾರು 5 ಅಡಿ ವ್ಯಾಸದ ಉದ್ದನೆಯ ಉರುಳೆ, ಅದರ ಮೈಮೇಲೆ 8 ಅಂಗುಲಕ್ಕೊಂದರಂತೆ 24 ಮೆಟ್ಟಿಲು. ಕೈದಿಗಳು ಸಾಲಾಗಿ ಮೇಲಿನ ಹಿಡಿಕಂಬಿ ಹಿಡಿದು ಹತ್ತುತ್ತಾರೆ; ಅವರ ತೂಕಕ್ಕೆ ಮೆಟ್ಟಿಲು ಕೆಳಗಿಳಿಯುತ್ತದೆ, ಹಾಗಾಗಿ ಹತ್ತಿದವನು ಇದ್ದಲ್ಲೇ ಇರುತ್ತಾನೆ. ನಿಮಿಷಕ್ಕೆ ಎರಡು ಸುತ್ತೆಂದರೆ 48 ಮೆಟ್ಟಿಲು, 32 ಅಡಿ ಏರಿಕೆ. ತುಳಿದ ಸಮಯವಷ್ಟೇ ನಾಲ್ಕೂವರೆ ಗಂಟೆಯಾದರೆ 8,640 ಅಡಿ, ಎರಡೂವರೆ ಕಿಲೋಮೀಟರಿಗೂ ಹೆಚ್ಚು ನೆಟ್ಟಗೆ ಏರಿದ ಲೆಕ್ಕ. ಹೆಜ್ಜೆ ತಪ್ಪಿದರೆ ಇಳಿದು ಬರುವ ಮೆಟ್ಟಿಲು ಮೊಣಕಾಲಿನ ಕೆಳಗಿನ ಎಲುಬಿಗೆ ಬಡಿಯುತ್ತದೆ. ನಿಲ್ಲಿಸುವುದು ಒಬ್ಬನ ಕೈಯಲ್ಲಿಲ್ಲ, ಉಳಿದವರ ತೂಕ ಚಕ್ರವನ್ನು ತಿರುಗಿಸುತ್ತಲೇ ಇರುತ್ತದೆ.

ಕೆಲವು ಜೈಲುಗಳಲ್ಲಿ ಅದಕ್ಕೆ ಹಿಟ್ಟಿನ ಗಿರಣಿಯನ್ನೋ ನೀರೆತ್ತುವ ಪಂಪನ್ನೋ ಜೋಡಿಸಿದ್ದರು. ಎಷ್ಟೋ ಕಡೆ ಏನನ್ನೂ ಜೋಡಿಸಿರಲಿಲ್ಲ. ವೇಗ ಹತೋಟಿಯಲ್ಲಿಡಲು ಚಾವಣಿಯ ಮೇಲೆ ದೊಡ್ಡ ರೆಕ್ಕೆಗಳಿದ್ದವು. ಕೈದಿಗಳು ಅದಕ್ಕೆ ಗಾಳಿ ಬೀಸುವುದು ಎಂದರು, ನಾವು ಹಿಟ್ಟು ಬೀಸುವುದು ಎನ್ನುವ ಅರ್ಥದಲ್ಲಿ.

ಕ್ರ್ಯಾಂಕ್ ಕೊಠಡಿಯೊಳಗೇ ಇಡುವ ಪೆಟ್ಟಿಗೆ. ಹೊರಗೊಂದು ಹಿಡಿಕೆ, ಒಳಗೆ ಮರಳನ್ನು ಕೊಚ್ಚುವ ಹಲಗೆಗಳು ಅಥವಾ ಒತ್ತಿ ಹಿಡಿಯುವ ಬ್ರೇಕು, ಮೇಲೆ ಸುತ್ತು ಎಣಿಸುವ ಗಡಿಯಾರದಂಥ ಮುಖ. ಬರ್ಮಿಂಗ್‌ಹ್ಯಾಂ ಜೈಲಿನಲ್ಲಿ ದಿನಕ್ಕೆ 10,000 ಸುತ್ತು: ಬೆಳಗಿನ ಊಟಕ್ಕೆ ಮೊದಲು 2,000, ಮಧ್ಯಾಹ್ನದ ಊಟಕ್ಕೆ ಮೊದಲು 4,000, ರಾತ್ರಿಯೂಟಕ್ಕೆ ಮೊದಲು 4,000. ಸುತ್ತು ಮುಗಿಯದಿದ್ದರೆ ಊಟವಿಲ್ಲ. ನೀವು ಇಂಜಿನಿಯರ್ ಆದ್ದರಿಂದ ಇಲ್ಲಿನ ದೋಷ ಕೂಡಲೇ ಗುರುತಿಸುತ್ತೀರಿ. ಯಂತ್ರದ ಮೇಲೆ ಬರೆದ ತೂಕ ಒಂದು, ಎಣ್ಣೆ ಒಣಗಿ ತಿಕ್ಕಾಟ ಹೆಚ್ಚಿದಾಗ ಕೈಗೆ ಬೀಳುವ ಭಾರ ಇನ್ನೊಂದು. ಊಟ ತಪ್ಪಿದವನಿಗೆ ಮರುದಿನ ಶಕ್ತಿ ಇನ್ನೂ ಕಡಿಮೆ, ಸುತ್ತು ಅಷ್ಟೇ. 1853ರಲ್ಲಿ ಅಲ್ಲಿ 15 ವರ್ಷದ ಎಡ್ವರ್ಡ್ ಆಂಡ್ರ್ಯೂಸ್ ಎಂಬ ಹುಡುಗ ಈ ಸುಳಿಗೆ ಸಿಕ್ಕಿ ನೇಣು ಹಾಕಿಕೊಂಡ. ತನಿಖಾ ಆಯೋಗ ಬಂತು, ಆದರೆ ಕ್ರ್ಯಾಂಕ್ ದೇಶದಿಂದ ಹೋಗಲಿಲ್ಲ. ಎರಡೂ ಯಂತ್ರಗಳಿಗೆ ಕೊನೆ ಹಾಡಿದ್ದು 1898ರ ಕಾಯಿದೆ.

ಇದಕ್ಕಿಂತ ಹಗುರ ಎನಿಸುವ ಕೆಲಸ ಓಕಂ ಬಿಡಿಸುವುದು. ಹಡಗಿನ ಹಳೆಯ ಡಾಂಬರು ಹಗ್ಗದ ತುಂಡುಗಳ ಹುರಿ ಬಿಚ್ಚಿ, ತೊಡೆಯ ಮೇಲೆ ಉರುಳಿಸಿ, ಎಳೆಎಳೆಯಾಗಿ ನಾರು ತೆಗೆಯಬೇಕು. ಮರದ ಹಡಗಿನ ಸಂದು ಮುಚ್ಚಲು ಈ ನಾರು ಬೇಕಿತ್ತು. ಮೊದಲ ವಾರದಲ್ಲಿ ಬೆರಳ ತುದಿ ಬಿರಿದು ರಕ್ತ ಬರುತ್ತಿತ್ತು. ಕಬ್ಬಿಣದ ಹಡಗು ಬಂದ ಮೇಲೆ ನಾರಿಗೆ ಬೆಲೆ ಹೋಯಿತು, ಬಿಡಿಸುವುದು ಮಾತ್ರ ಮುಂದುವರಿಯಿತು.

ಪ್ರಶ್ನೆ: ಬೆಂಗಳೂರಿನ ಫ್ರೀಡಂ ಪಾರ್ಕಿನ ಗೋಪುರ ನೋಡಿದ್ದೇನೆ. ಅದೂ ಇದೇ ಮಾದರಿಯೆ? (ಬೆಂಗಳೂರಿನ ಓದುಗರು)

ಉತ್ತರ: ವಂಶ ಒಂದೇ, ಕವಲು ಬೇರೆ. ಫ್ರೀಡಂ ಪಾರ್ಕು ಹಿಂದೆ ಸೆಂಟ್ರಲ್ ಜೈಲು. ನಡುವೆ ಕಾವಲು ಗೋಪುರ, ಸುತ್ತ ಚಕ್ರದ ಅರೆಕಾಲುಗಳಂತೆ ಬ್ಯಾರಕ್ಕುಗಳು. ಇಂಥದ್ದನ್ನು ಪ್ಯಾನೊಪ್ಟಿಕಾನ್ ಎನ್ನುವವರಿದ್ದಾರೆ, ಅಷ್ಟು ಸರಿಯಲ್ಲ. ಇಂಗ್ಲಿಷ್ ಚಿಂತಕ ಜೆರೆಮಿ ಬೆಂಥಮ್ ಕಲ್ಪಿಸಿದ ಪ್ಯಾನೊಪ್ಟಿಕಾನ್‌ನಲ್ಲಿ ನಡುವೆ ಕೂತವನಿಗೆ ಪ್ರತಿ ಕೊಠಡಿಯ ಒಳಗೂ ಕಾಣಬೇಕು. ಅರೆಕಾಲು ಮಾದರಿಯಲ್ಲಿ ಕಾಣುವುದು ಓಣಿಗಳು, ಅಂಗಳಗಳು ಮಾತ್ರ. ಲ್ಯಾಂಕಾಸ್ಟರ್ ಕೋಟೆಯಲ್ಲಿ 1821ರ ಹೊತ್ತಿಗೆ ಹೆಂಗಸರಿಗಾಗಿ ಕಟ್ಟಿದ ಅರ್ಧಚಂದ್ರಾಕಾರದ ಕಟ್ಟಡ ಬೆಂಥಮ್ ಕಲ್ಪನೆಗೆ ಹೆಚ್ಚು ಹತ್ತಿರ. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಮುಂತಾದವರನ್ನು ಇಟ್ಟದ್ದು ಬೆಂಗಳೂರಿನ ಆ ಜೈಲಿನಲ್ಲೇ.

ಒಂಟಿ ಸೆರೆಯ ನೆರಳು ನಮ್ಮ ಕಾನೂನಿನಲ್ಲೂ ಇದೆ. 1860ರ ದಂಡ ಸಂಹಿತೆಯ 73, 74ನೆಯ ಕಲಮುಗಳು ಅದಕ್ಕೆ ಮಿತಿ ಹಾಕಿದವು: ಒಮ್ಮೆಗೆ 14 ದಿನ ಮೀರಬಾರದು, ಒಟ್ಟು ಮೂರು ತಿಂಗಳು ಮೀರಬಾರದು. ಈಗಿನ ಭಾರತೀಯ ನ್ಯಾಯ ಸಂಹಿತೆಯ 11, 12ನೆಯ ಕಲಮುಗಳಲ್ಲಿ ಅದು ಉಳಿದಿದೆ.

ಪ್ರಶ್ನೆ: ಬೇಸಿಗೆಯಲ್ಲಿ ಲಿಂಕನ್‌ಗೆ ಹೋಗುವವರಿದ್ದೇವೆ. ತಪ್ಪದೆ ನೋಡಬೇಕಾದ್ದು ಏನು? ಬೇರೆ ಕೋಟೆ ಜೈಲುಗಳೂ ತೆರೆದಿವೆಯೆ? (ಲಂಡನ್‌ನಲ್ಲಿರುವ ಕನ್ನಡಿಗ ದಂಪತಿ)

ಉತ್ತರ: ಮೊದಲು ಪ್ರಾರ್ಥನಾ ಮಂದಿರಕ್ಕೆ ಹೋಗಿ. ಪೀಠದ ಬಳಿ ನಿಂತು ಒಮ್ಮೆ, ಪೆಟ್ಟಿಗೆಗಳ ಕಡೆಯಿಂದ ಒಮ್ಮೆ ನೋಡಿದರೆ ಮೇಲೆ ವಿವರಿಸಿದ್ದು ತಾನಾಗಿ ತಿಳಿಯುತ್ತದೆ. ಅದೇ ಆವರಣದ ನೆಲಮಾಳಿಗೆಯಲ್ಲಿ ದೊರೆಯ ಅಧಿಕಾರಕ್ಕೆ ಮಿತಿ ಹಾಕಿದ 1215ರ ಸನದು ಮ್ಯಾಗ್ನಾ ಕಾರ್ಟಾದ ಒಂದು ಮೂಲ ಪ್ರತಿ ಇದೆ. ನೆಲದ ಕಾನೂನು ಮೀರಿ ಯಾವ ಸ್ವತಂತ್ರ ಮನುಷ್ಯನನ್ನೂ ಸೆರೆಗೆ ಹಾಕಬಾರದು ಎಂಬ ಮಾತು ಇರುವುದು ಅದರಲ್ಲಿ.

ಲ್ಯಾಂಕಾಸ್ಟರ್ 2011ರವರೆಗೂ ಜೈಲಾಗಿತ್ತು. ಒಳಗಿನ ನ್ಯಾಯಾಲಯ ಈಗಲೂ ನಡೆಯುತ್ತದೆ, ಕಲಾಪವಿರುವ ದಿನ ಕೆಲವು ಕೋಣೆಗಳನ್ನು ತೋರಿಸುವುದಿಲ್ಲ, ಹಾಗಾಗಿ ಮೊದಲೇ ವಿಚಾರಿಸಿ. ಯಾರ್ಕ್ ಕೋಟೆಯಲ್ಲಿ 1705ರ ಸಾಲಗಾರರ ಜೈಲು ಈಗ ವಸ್ತುಸಂಗ್ರಹಾಲಯ. 1739ರಲ್ಲಿ ಗಲ್ಲಿಗೇರಿದ ದರೋಡೆಕೋರ ಡಿಕ್ ಟರ್ಪಿನ್ ಇದ್ದದ್ದು ಅಲ್ಲಿ. ಆಕ್ಸ್‌ಫರ್ಡ್ ಕೋಟೆಯ ಜೈಲು 1996ರಲ್ಲಿ ಮುಚ್ಚಿ ಈಗ ಹೋಟೆಲಾಗಿದೆ. ಹಳೆಯ ಕೊಠಡಿಗಳ ನಡುವಿನ ಗೋಡೆ ಒಡೆದು ಕೋಣೆ ಮಾಡಿದ್ದಾರೆ.

ಲಿಂಕನ್ನಿನಲ್ಲಿ ಈಶಾನ್ಯ ಮೂಲೆಯ ಕಾಬ್ ಹಾಲ್ ಗೋಪುರದ ಮಾಳಿಗೆಯ ಮೇಲೆ 1817ರಿಂದ 1859ರವರೆಗೆ ಗಲ್ಲು ನಡೆಯುತ್ತಿತ್ತು, ಕೆಳಗಿನ ಬೀದಿಯಲ್ಲಿ ಜನ ನೆರೆಯುತ್ತಿದ್ದರು. 1868ರಲ್ಲಿ ಬಹಿರಂಗ ಗಲ್ಲು ನಿಂತಿತು. ಆ ವರ್ಷದ ಡಿಸೆಂಬರ್‌ನಲ್ಲಿ ಗಂಡನಿಗೆ ವಿಷವಿಕ್ಕಿದ ಆರೋಪ ಹೊತ್ತ ಪ್ರಿಸಿಲ್ಲಾ ಬಿಗ್ಗಡೈಕ್‌ಳನ್ನು ಕೋಟೆಯೊಳಗೇ ಗಲ್ಲಿಗೇರಿಸಿದರು. ತಾನು ತಪ್ಪು ಮಾಡಿಲ್ಲ ಎಂದೇ ಅವಳು ಕೊನೆಯವರೆಗೂ ಹೇಳಿದಳು.

ಕೊನೆಗೆ ದಿಬ್ಬದ ಮೇಲಿನ ಲೂಸಿ ಟವರ್ ಹತ್ತಿ. ಚಾವಣಿ ಇಲ್ಲದ ಕಲ್ಲಿನ ಸುತ್ತುಗೋಡೆ, ಒಳಗೆ ಮರಗಳು, ಹುಲ್ಲು. ಹುಲ್ಲಿನಲ್ಲಿ ಮೊಣಕಾಲೆತ್ತರವೂ ಇಲ್ಲದ ಕಲ್ಲುಗಳು ಕಾಣುತ್ತವೆ. ಗಲ್ಲಿಗೇರಿದವರನ್ನು ಹೂಳಿದ ಜಾಗ ಅದು. ಕಲ್ಲಿನ ಮೇಲೆ ಹೆಸರಿನ ಮೊದಲಕ್ಷರಗಳು, ಸತ್ತ ದಿನ, ಅಷ್ಟೇ. 1872ರ ಏಪ್ರಿಲ್ 1ರಂದು ಸತ್ತ ವಿಲಿಯಂ ಫ್ರೆಡರಿಕ್ ಹಾರಿಯ ಸಮಾಧಿಯೂ ಅಲ್ಲಿದೆ. ಬೂಟು ಹೊಲಿಯುವ ಕಸುಬಿನ ವಿಲಿಯಂ ಮಾರ್ವುಡ್ ಅವನನ್ನು ಗಲ್ಲಿಗೇರಿಸಿದ; ಉಸಿರುಕಟ್ಟಿ ನರಳುತ್ತ ಸಾಯುವುದು ತಪ್ಪಲೆಂದು ದೇಹದ ತೂಕಕ್ಕೆ ತಕ್ಕಂತೆ ಹಗ್ಗದ ಉದ್ದ ಲೆಕ್ಕ ಹಾಕುವ ಕ್ರಮವನ್ನು ಅವನು ಶುರುಮಾಡಿದ್ದು ಅಂದು. ಮಳೆ ಬಂದಿದ್ದರೆ ಅಲ್ಲಿನ ಮೆಟ್ಟಿಲು ಜಾರುತ್ತದೆ, ಹಿಡಿತವಿರುವ ಬೂಟು ಹಾಕಿಕೊಂಡು ಹೋಗಿ.